ಮೂರು ದಾರದ ಗಂಟು

ರೆಕಾರ್ಡ್ ರೂಮಿನ ಗುಮಾಸ್ತೆಯನ್ನು ಇಡೀ ಆಸ್ಪತ್ರೆ ಭೂತಗನ್ನಡಿ ಎಂದು ಕರೆಯುತ್ತಿತ್ತು. ಎದುರಿಗಲ್ಲ, ಬೆನ್ನ ಹಿಂದೆ. ಆದರೆ ಬೆನ್ನ ಹಿಂದೆ ನಡೆಯುವುದನ್ನು ಪತ್ತೆ ಹಚ್ಚದಿದ್ದರೆ ಆಕೆ ಭೂತಗನ್ನಡಿ ಹೇಗಾದಾಳು? ಪತ್ತೆ ಹಚ್ಚಿದ ದಿನ ಸಿಟ್ಟೇನೂ ಬರಲಿಲ್ಲ. ಯಾರೋ ಪದಕ ಕೊಟ್ಟರೆಂಬಂತೆ ಒಂದು ವಾರ ಎದೆಯುಬ್ಬಿಸಿ ಓಡಾಡಿದಳು.

ಅನುಮಾನ ಆಕೆಗೆ ಹುಟ್ಟಿನಿಂದ ಬಂದ ಆಸ್ತಿ. ಒಂದನೇ ತರಗತಿಯಲ್ಲಿ ಮೇಷ್ಟ್ರು ಹಾಜರಿ ಕರೆದಾಗ ಉಳಿದ ಮಕ್ಕಳು ‘ಬಂದಿದ್ದೀನಿ ಸಾರ್’ ಎಂದರೆ ಈಕೆ ‘ಯಾಕೆ ಸಾರ್?’ ಎಂದಿದ್ದಳಂತೆ. ಬಸ್ಸಿನಲ್ಲಿ ಪಕ್ಕದವರು ನಕ್ಕರೆ ಕೈಚೀಲ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ನಗದಿದ್ದರೆ ಎರಡು ಸಲ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಮದುವೆಯಾದದ್ದು ಬೀಗ ರಿಪೇರಿಯವನನ್ನು. ಆತ ಊರಿನ ಬೀಗಗಳನ್ನೆಲ್ಲ ಕಡ್ಡಿಯಲ್ಲಿ ತೆಗೆಯಬಲ್ಲ, ಆದರೆ ಹೆಂಡತಿಯ ಕಪಾಟಿನ ಬೀಗವನ್ನು ಹದಿನೆಂಟು ವರ್ಷಗಳಲ್ಲಿ ಒಂದು ಸಲವೂ ಮುಟ್ಟಿಲ್ಲ. ಮನೆಯಲ್ಲಿ ಶಾಂತಿ ನೆಲೆಸಿರುವುದು ಹೀಗೆ.

ಆಕೆಯ ಅನುಮಾನದ ಪಟ್ಟಿಯಲ್ಲಿ ಅತಿ ಹಳೆಯ ಆರೋಪಿ ಎಂದರೆ ಅಕ್ಕನ ಗಂಡ. ಅಕ್ಕನ ಮದುವೆಯಾದ ಮರುದಿನ ಬೆಳಿಗ್ಗೆ ಭಾವ ತಾವು ಹೊದ್ದಿದ್ದ ಚಾದರವನ್ನು ಮೂಲೆಗೆ ಮೂಲೆ ಕೂಡಿಸಿ, ಗೆರೆ ಎಳೆದಂತೆ ಮಡಚಿ ಹಾಸಿಗೆಯ ತುದಿಗೆ ಇಟ್ಟಿದ್ದರು. ‘ನೋಡಿ ಕಲಿತುಕೋ’ ಎಂದು ಅಮ್ಮ ಮೆಚ್ಚಿಕೊಂಡರೆ, ಆಗ ಇನ್ನೂ ಎರಡು ಜಡೆಯ ಹುಡುಗಿಯಾಗಿದ್ದ ಭೂತಗನ್ನಡಿ, ಗಂಡಸೊಬ್ಬ ಇಷ್ಟು ಚೊಕ್ಕವಾಗಿ ಮಡಚುತ್ತಾನೆಂದರೆ ಒಳಗೆ ಏನೋ ಮುಚ್ಚಿಟ್ಟಿರಬೇಕು ಎಂದು ಚಾದರ ಬಿಚ್ಚಿ ಕೊಡವಿ ನೋಡಿದಳು. ಏನೂ ಸಿಗಲಿಲ್ಲ. ಸಿಗದೇ ಇದ್ದದ್ದೇ ಅನುಮಾನವನ್ನು ಗಟ್ಟಿ ಮಾಡಿತು. ಎಷ್ಟು ಪಳಗಿದ ಕೈ ನೋಡಿ!

ಭಾವನ ಆ ಮಡಚುವ ವಿದ್ಯೆ ಅವರನ್ನು ಇದೇ ಆಸ್ಪತ್ರೆಯ ಲಾಂಡ್ರಿಗೆ ತಂದಿತ್ತು. ಇಪ್ಪತ್ತಾರು ವರ್ಷಗಳ ಸೇವೆ, ಈಗ ಅಲ್ಲಿ ಮೇಸ್ತ್ರಿ. ನಿವೃತ್ತಿಗೆ ಇನ್ನು ಮೂರು ವರ್ಷ. ಲಾಂಡ್ರಿ ಇದ್ದದ್ದು ಆಸ್ಪತ್ರೆಯ ಹಿಂಭಾಗದ ನೆಲಮಾಳಿಗೆಯಲ್ಲಿ. ಎರಡು ದೈತ್ಯ ಒಗೆಯುವ ಯಂತ್ರಗಳು, ಕೆಮ್ಮುವ ಒಂದು ಒಣಗಿಸುವ ಯಂತ್ರ, ಉದ್ದನೆಯ ಇಸ್ತ್ರಿ ಮೇಜು, ಬಾಗಿಲ ಬಳಿ ದೊಡ್ಡ ಮುಳ್ಳಿನ ತೂಕದ ಯಂತ್ರ. ಆ ಯಂತ್ರದ ಒಡತಿ ತೂಕದಕ್ಕ. ವಾರ್ಡುಗಳಿಂದ ಬಂದ ಕೊಳೆ ಬಟ್ಟೆಯ ಗಂಟುಗಳನ್ನು ಒಂದೊಂದಾಗಿ ತೂಗಿ, ರೈಲು ಬಂತೆಂದು ಸಾರುವವರ ದನಿಯಲ್ಲಿ ತೂಕ ಕೂಗಿ, ಕಂಪ್ಯೂಟರಿಗೆ ತುಂಬಿಸುವುದು ಆಕೆಯ ಕೆಲಸ. ಒಗೆದ ಬಟ್ಟೆ ಹೊರಗೆ ಹೋಗುವಾಗ ತಳ್ಳುಗಾಡಿಗಳನ್ನೂ ಆಕೆಯೇ ತೂಗುತ್ತಿದ್ದಳು. ಅಕ್ಕ ಭಾವನ ಮನೆಯೂ ಅಲ್ಲೇ, ಲಾಂಡ್ರಿಯ ಗೋಡೆಗೆ ಅಂಟಿದ ಸಿಬ್ಬಂದಿ ವಸತಿಯಲ್ಲಿ. ಕೆಲಸ ಇರುವ ತನಕ ಮನೆ.

ಇಷ್ಟು ಜನರ ನಡುವೆ ಭೂತಗನ್ನಡಿ ಅನುಮಾನಿಸದೆ ಉಳಿಸಿದ ಒಂದೇ ಪ್ರಾಣಿ ಆಸ್ಪತ್ರೆಯ ಡೇಟಾಬೇಸ್. ಆರು ವಾರದ ತರಬೇತಿಗೆ ಹೋಗಿ ಆಕೆ ಎಸ್‌ಕ್ಯೂಎಲ್ ಕಲಿತು ಬಂದಿದ್ದಳು. ಆ ಭಾಷೆಯಲ್ಲಿ ಪ್ರಶ್ನೆ ಬರೆದರೆ, ಅದಕ್ಕೆ ಕ್ವೆರಿ ಎಂದು ಹೆಸರು, ಡೇಟಾಬೇಸ್ ತನ್ನ ಕೋಷ್ಟಕಗಳನ್ನೆಲ್ಲ ತಡಕಿ ಕ್ಷಣದಲ್ಲಿ ಉತ್ತರ ಕೊಡುತ್ತಿತ್ತು. ಅದಕ್ಕೆ ಕಣ್ಣಿಲ್ಲವಾದ್ದರಿಂದ ಕಣ್ಣು ತಪ್ಪಿಸುತ್ತಿರಲಿಲ್ಲ. ನಾಲಿಗೆ ಇಲ್ಲವಾದ್ದರಿಂದ ತಡವರಿಸುತ್ತಿರಲಿಲ್ಲ. ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ. ಕಟ್ಟಿಕೊಂಡ ಗಂಡನೂ ಇಷ್ಟು ಚೊಕ್ಕವಾಗಿ ಉತ್ತರ ಕೊಟ್ಟವನಲ್ಲ.

ಈಗ ದಾರದ ವಿಷಯ ಹೇಳಬೇಕು, ಏಕೆಂದರೆ ಮಹಾಯುದ್ಧ ಹತ್ತಿಕೊಂಡದ್ದು ಅಲ್ಲಿಂದ.

ರಕ್ತದ ಕಲೆಯ ಬಟ್ಟೆಯನ್ನು ಮೊದಲು ತಣ್ಣೀರಿಗೆ ಹಾಕಬೇಕು. ಬಿಸಿ ನೀರಿಗೆ ಬಿತ್ತೋ, ಕಲೆ ಜನ್ಮಕ್ಕಂಟಿತು. ಔಷಧಿಯ ಕಲೆಗೆ ಬೇರೆ ಪುಡಿ. ಹರಿದದ್ದು ಹೊಲಿಗೆಯವನ ಬಳಿಗೆ ಹೋಗಬೇಕು. ಇದನ್ನೆಲ್ಲ ಗಂಟು ಬಿಚ್ಚಿ ಮೂಗು ಮುಚ್ಚಿಕೊಂಡು ವಿಂಗಡಿಸುವ ಬದಲು, ವಾರ್ಡಿನಲ್ಲೇ ಗುರುತು ಕಟ್ಟಿ ಕಳಿಸಿದರೆ ಹೇಗೆ ಎಂದು ಭಾವನಿಗೆ ಹೊಳೆಯಿತು. ರಕ್ತಕ್ಕೆ ಕೆಂಪು ದಾರ, ಔಷಧಿಗೆ ಹಳದಿ, ಹರಿದದ್ದಕ್ಕೆ ನೀಲಿ, ಬರೀ ಕೊಳೆಗೆ ಬಿಳಿ. ಒಂದು ಗಂಟಿನಲ್ಲಿ ರಕ್ತವೂ ಇದೆ, ಹರಿದದ್ದೂ ಇದೆ ಎಂದರೆ ಎರಡು ದಾರ. ಎರಡು ತಿಂಗಳ ಹಿಂದೆ ಇದು ಜಾರಿಗೆ ಬಂತು. ತೂಕದಕ್ಕ ಗಂಟುಗಳ ಕೋಷ್ಟಕದಲ್ಲಿ ಗಂಟಿನ ನಂಬರು, ವಾರ್ಡು, ತೂಕ ಬರೆಯುವಳು. ದಾರಗಳ ಕೋಷ್ಟಕದಲ್ಲಿ ಒಂದೊಂದು ದಾರಕ್ಕೆ ಒಂದೊಂದು ಸಾಲು.

ಆಡಳಿತಾಧಿಕಾರಿಗೆ ದಾರದ ಏರ್ಪಾಟು ಹಿಡಿಸಿತು. ಯಾವ ವಾರ್ಡಿನಿಂದ ಎಷ್ಟು ಕಿಲೋ ಬಂತು, ಎಷ್ಟು ದಾರ ಬಂದವು, ಎಲ್ಲ ಒಂದೇ ಹಾಳೆಯಲ್ಲಿ ಪ್ರತಿ ವಾರ ಬೇಕೆಂದರು. ಭೂತಗನ್ನಡಿ ಹಳೆಯ ಕ್ವೆರಿಗೆ ಒಂದು ಸಾಲು ಸೇರಿಸಿ ಗಂಟುಗಳ ಕೋಷ್ಟಕಕ್ಕೆ ದಾರಗಳ ಕೋಷ್ಟಕವನ್ನು ಜೋಡಿಸಿದಳು, ವಾರ್ಡಿನ ಪ್ರಕಾರ ಗುಂಪು ಮಾಡಿ ತೂಕ ಕೂಡಿಸು ಎಂದಳು. ಎರಡು ನಿಮಿಷದ ಕೆಲಸ.

ಮೊದಲ ವಾರವೇ ಗುಡುಗಿತು. ಅದುವರೆಗೆ ಒಳಗೆ ಬರುವ ಬಟ್ಟೆಗೂ ಹೊರಗೆ ಹೋಗುವ ಬಟ್ಟೆಗೂ ಮೂವತ್ತು ಕಿಲೋ ಆಚೀಚೆ ವ್ಯತ್ಯಾಸ ಇರುತ್ತಿತ್ತು. ಕೊಳೆಗೂ ತೇವಕ್ಕೂ ತೂಕವಿದೆ, ಸರಿ. ಈಗ ಒಳಗೆ ಬಂದದ್ದು ಸಾವಿರದ ಆರುನೂರಕ್ಕೂ ಹೆಚ್ಚು, ಹೊರಗೆ ಹೋದದ್ದು ಸಾವಿರದ ನೂರೆಂಬತ್ತು. ಏಳನೇ ವಾರಕ್ಕೆ ಒಳಗೆ ಬಂದದ್ದು ಸಾವಿರದ ಒಂಬೈನೂರ ನಲವತ್ತು ಎಂದು ವರದಿ ಹೇಳಿತು. ಹೊರಗೆ ಹೋದದ್ದು ಅದೇ ಸಾವಿರದ ನೂರೆಂಬತ್ತು. ಏಳುನೂರ ಅರವತ್ತು ಕಿಲೋ ಬಟ್ಟೆ ಒಂದೇ ವಾರದಲ್ಲಿ ನೆಲಮಾಳಿಗೆಯೊಳಗೆ ಇಳಿದು ಮೇಲೆ ಬರಲಿಲ್ಲ.

ಒಂದು ಹಾಸು ಅರ್ಧ ಕಿಲೋ ಎಂದರೆ ವಾರಕ್ಕೆ ಒಂದೂವರೆ ಸಾವಿರ ಹಾಸು. ಅಷ್ಟನ್ನು ಕದಿಯಬೇಕಾದರೆ ಲಾರಿ ಬೇಕು, ಗೋದಾಮು ಬೇಕು. ಅಷ್ಟು ಹಾಸು ಆಸ್ಪತ್ರೆಯಲ್ಲಿ ಇದ್ದದ್ದಾದರೂ ಯಾವಾಗ ಎಂದು ಸಾಮಾನ್ಯ ಬುದ್ಧಿಯವರು ಕೇಳಿಯಾರು. ಭೂತಗನ್ನಡಿಯದು ಸಾಮಾನ್ಯ ಬುದ್ಧಿಯಲ್ಲ. ಕಳ್ಳತನ ಇಷ್ಟು ದೊಡ್ಡದಾದರೆ ಕಳ್ಳ ಎಷ್ಟು ದೊಡ್ಡವನಿರಬೇಕು ಎಂದು ಆಕೆಯ ಮೈ ಝುಮ್ಮೆಂದಿತು. ಕಳ್ಳತನ ಶುರುವಾದದ್ದು ಯಾವಾಗ? ದಾರ ಶುರುವಾದಾಗ. ದಾರ ತಂದವರು ಯಾರು? ಕಾಮಾಲೆ ಕಣ್ಣಿಗೆ ಇಪ್ಪತ್ತೆಂಟು ವರ್ಷಗಳಿಂದ ಹಳದಿಯಾಗಿ ಕಾಣುತ್ತಿದ್ದವರು.

ಶನಿವಾರ ಆಡಳಿತಾಧಿಕಾರಿ ಕರೆಸಿದರು. ಮೇಜಿನ ಮೇಲೆ ಪೆನ್ಸಿಲುಗಳನ್ನು ಉದ್ದದ ಪ್ರಕಾರ ಸಾಲಾಗಿ ಇಟ್ಟುಕೊಳ್ಳುವ ಮನುಷ್ಯ. ವರದಿಯನ್ನು ಪೆನ್ಸಿಲುಗಳ ಪಕ್ಕಕ್ಕೆ ಸಮನಾಗಿ ಇಟ್ಟು ಅವರು ಹೇಳಿದರು:

“ಶುಕ್ರವಾರ ಹತ್ತು ಗಂಟೆಗೆ ಮೀಟಿಂಗು. ಈ ವಾರದ ವರದಿಯಲ್ಲೂ ಹೀಗೇ ಬಂದ್ರೆ ಮೇಸ್ತ್ರಿ ಅವತ್ತೇ ಮನೆಗೆ. ಮನೆಗೆ ಅಂದ್ರೆ, ಆ ಮನೇನೂ ತಿಂಗಳ ಕೊನೆಗೆ ಖಾಲಿ ಮಾಡ್ಬೇಕು. ನಿಮ್ಮ ಭಾವ ಅಂತ ಗೊತ್ತು. ವರದಿ ನಿಮ್ಮ ಕೈಲಿ ಆಗುತ್ತೋ, ಬೇರೆಯವರಿಗೆ ಹೇಳ್ಲೋ?”

“ತಪ್ಪು ಯಾರು ಮಾಡಿದ್ರೂ ತಪ್ಪೇ ಸರ್” ಎಂದಳು ಭೂತಗನ್ನಡಿ. ಸತ್ಯಕ್ಕಾಗಿ ಸ್ವಂತ ಬಂಧುವನ್ನೇ ಒಪ್ಪಿಸಿದ ವೀರವನಿತೆಯಂತೆ ತಲೆಯೆತ್ತಿ ಹೊರಬಂದಳು. ಮೆಟ್ಟಿಲ ತಿರುವಿನಲ್ಲಿ ಮಾತ್ರ ಅಕ್ಕನ ಅಡುಗೆಮನೆ ನೆನಪಾಯಿತು, ಗೋಡೆಗೆ ಅಕ್ಕನೇ ಬಳಿದ ಹಸಿರು ಬಣ್ಣ ನೆನಪಾಯಿತು. ಕಟಕಟೆ ಹಿಡಿದುಕೊಂಡು ನಿಂತು, ಅಕ್ಕನಿಗೆ ಅನ್ಯಾಯ ಮಾಡಿದವರು ಭಾವ, ತಾನಲ್ಲ ಎಂದು ಸಮಾಧಾನ ಹೇಳಿಕೊಂಡಳು. ಇದಕ್ಕೆ ಸಾಕ್ಷಿ ಬೇಕಿತ್ತು. ಸಾಕ್ಷಿ ಎಲ್ಲಿರುತ್ತದೆ? ಅಟ್ಟದ ಮೇಲೆ.

ಭಾನುವಾರ ಬೆಳಿಗ್ಗೆ ಆಕೆ ಅಕ್ಕನ ಮನೆಗೆ ಬಂದಾಗ ಭಾವ ಲಾಂಡ್ರಿಗೆ ಹೋಗಿದ್ದರು. ಭಾನುವಾರವೂ! ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು. ಅಕ್ಕ ಹಿತ್ತಲಿಗೆ ಹೋದದ್ದೇ ತಡ, ಸ್ಟೂಲು ಹತ್ತಿ ಅಟ್ಟಕ್ಕೆ ಕೈ ಹಾಕಿದಳು. ಹಳೆಯ ಪಾತ್ರೆ, ಮುರಿದ ಫ್ಯಾನಿನ ರೆಕ್ಕೆ, ಅದರ ಹಿಂದೆ ಬಟ್ಟೆಯ ಒಂದು ಗಂಟು. ಬಿಚ್ಚಿದರೆ ಬಿಳಿ ಹಾಸು, ಮೂಲೆಯಲ್ಲಿ ಆಸ್ಪತ್ರೆಯ ಮುದ್ರೆ. ಆಕೆಯ ಎದೆ ನಗಾರಿಯಾಯಿತು. ಪೂರ್ತಿ ಬಿಡಿಸಿ ನೋಡಿದಾಗ ಮುದ್ರೆಯ ಮೇಲೆ ಇನ್ನೊಂದು ಮುದ್ರೆ: ‘ರದ್ದು’. ಹರಿದು ಹೋಗಿ, ಸಿಬ್ಬಂದಿಗೆ ಒರೆಸುವ ಬಟ್ಟೆಯಾಗಿ ಕೊಟ್ಟದ್ದು. ಐದು ವರ್ಷದ ಹಿಂದಿನ ಆ ರದ್ದಿನ ಪಟ್ಟಿಗೆ ರುಜು ಹಾಕಿದ್ದು ಭೂತಗನ್ನಡಿಯೇ.

“ಏನೇ ಅದು?” ಅಕ್ಕ ಬಾಗಿಲಲ್ಲಿ ನಿಂತಿದ್ದಳು.

“ಹಲ್ಲಿ ಓಡಿದ ಹಾಗಾಯ್ತು ಅಕ್ಕ.”

“ಹಲ್ಲಿ ಓಡಿದ್ರೆ ಹಾಸು ಬಿಚ್ಚಿ ಬೆಳಕಿಗೆ ಹಿಡಿದು ನೋಡ್ತಾರೇನೇ? ಇಳಿ ಕೆಳಗೆ.”

ಇಳಿದಳು. ಅಕ್ಕ ಬೈಯಲಿಲ್ಲ, ಅದೇ ಇನ್ನೂ ಅನುಮಾನ ತರಿಸಿತು. ಹುರುಳಿಕಾಯಿಯ ನಾರು ಬಿಡಿಸುತ್ತಾ ಅಕ್ಕ ತನ್ನಷ್ಟಕ್ಕೆ ಹೇಳತೊಡಗಿದಳು. ಬಟ್ಟೆ ಕಾಣೆಯಾಗುತ್ತಿದೆ ಎಂದು ಯಾರೋ ಭಾವನ ಕಿವಿಗೆ ಹಾಕಿದ್ದಾರೆ. ಅಂದಿನಿಂದ ಅವರಿಗೆ ಊಟ ಸೇರುತ್ತಿಲ್ಲ. ತೂಕದಕ್ಕನ ಮೇಲೆ ಅನುಮಾನ, ಹೊಲಿಗೆಯವನ ಮೇಲೆ ಅನುಮಾನ, ಒಣಗಿಸುವ ಯಂತ್ರದ ಹಿಂದೆ ಸಂದು ಇದೆಯೇ ಎಂದು ಟಾರ್ಚು ಬಿಟ್ಟು ನೋಡಿದ್ದಾಗಿದೆ. ಕಳ್ಳ ಸಿಕ್ಕಿಬೀಳಲೆಂದು ಈ ವಾರದಿಂದ ಗುರುತು ಹೆಚ್ಚಿಸಿದ್ದಾರೆ. ಹರಿದ ಮೂಲೆಗೊಂದು ದಾರ, ಕಸೆ ಕಿತ್ತ ಗೌನಿಗೊಂದು ದಾರ.

“ಗಂಟು ಕಾಣಲ್ಲ ಕಣೇ, ಬರೀ ದಾರವೇ ಕಾಣುತ್ತೆ ಅಂತ ತೂಕದಕ್ಕ ನಗ್ತಾಳಂತೆ. ಇವರಿಗೆ ನಗು ಎಲ್ಲಿ ಬರುತ್ತೆ. ಮೂರು ವರ್ಷ ಕಳೆದ್ರೆ ಮರ್ಯಾದೆಯಿಂದ ಈಚೆ ಬರ್ತಿದ್ರು.”

ಎಲ್ಲರಿಗಿಂತ ಮುಂದೆ ಓಡುತ್ತಾ ‘ಕಳ್ಳ, ಕಳ್ಳ’ ಎಂದು ಕೂಗುವವನು ಯಾರೆಂದು ಭೂತಗನ್ನಡಿಗೆ ತಿಳಿಯದ ವಿಷಯವೇನಲ್ಲ. ಆದರೂ ಅಕ್ಕನ ಕೈಬೆರಳು ಕಾಯಿಯಿಂದ ಕಾಯಿಗೆ ನಿಧಾನವಾಗಿ ಹೋಗುವುದನ್ನು ನೋಡುತ್ತಾ ಆಕೆಯೂ ಒಂದು ಹಿಡಿ ಕಾಯಿ ಎತ್ತಿಕೊಂಡು ನಾರು ಬಿಡಿಸತೊಡಗಿದಳು.

ಬುಧವಾರ ಆಕೆ ಅರ್ಧ ದಿನ ರಜೆ ಹಾಕಿ ಸ್ವತಃ ರಣರಂಗಕ್ಕೆ ಇಳಿದಳು. ಲಾಂಡ್ರಿಯಲ್ಲಿ ಒಣಹಾಕಿದ ಹಾಸುಗಳ ಹಿಂದೆ ಬಕೆಟ್ ಬೋರಲು ಹಾಕಿ ಕೂತು, ಹಾಸಿನ ತೂತಿನಲ್ಲಿ ಒಂದು ಕಣ್ಣಿಟ್ಟಳು. ಸೇನಾಪತಿಯ ಗುಡಾರಕ್ಕೆ ನುಸುಳಿದ ಗೂಢಚಾರಿಣಿಯೂ ಇಷ್ಟು ಬೆವರಿರಲಾರಳು. ಆವಿಗೆ ಆಕೆಯ ಕನ್ನಡಕ ಮಂಜಾಗಿ, ಒರೆಸಿ, ಮತ್ತೆ ಮಂಜಾಯಿತು. ನಾಲ್ಕನೇ ವಾರ್ಡು, ಮಕ್ಕಳ ವಾರ್ಡು, ಅಲ್ಲಿಂದ ಮೂರು ಗಂಟು ಬಂದವು. ತೂಕದಕ್ಕ ಕೂಗಿದಳು: ಹದಿನೆಂಟು. ಇಪ್ಪತ್ತೆರಡು. ಹದಿನೆಂಟು. ಭೂತಗನ್ನಡಿ ಅಂಗೈಯಲ್ಲಿ ಬರೆದುಕೊಂಡಳು, ಐವತ್ತೆಂಟು. ಯಂತ್ರಕ್ಕೆ ಹೋದದ್ದು ಅವೇ ಮೂರು. ಯಾರೂ ಕಿಟಕಿಯಿಂದ ಏನನ್ನೂ ದಾಟಿಸಲಿಲ್ಲ. ನೆಲಮಾಳಿಗೆಗೆ ಕಿಟಕಿಯೇ ಇರಲಿಲ್ಲ.

ಅಷ್ಟರಲ್ಲಿ ಹಾಸು ಸರಿಯಿತು. ಭಾವ ಎರಡು ಲೋಟ ಟೀ ಹಿಡಿದು ನಿಂತಿದ್ದರು. ಆಕೆ ಬಂದ ಕೂಡಲೇ ಅವರು ನೋಡಿದ್ದರಂತೆ. ಕೂತಲ್ಲಿ ಕೂರಲಿ ಎಂದು ಬಿಟ್ಟಿದ್ದರು.

“ನೀನು ಬಂದಿದ್ದು ಒಳ್ಳೇದಾಯ್ತಮ್ಮ. ನನ್ನ ಕಣ್ಣಿಗೆ ಬೀಳದ್ದು ನಿನ್ನ ಕಣ್ಣಿಗೆ ಬೀಳುತ್ತೆ. ನೋಡು, ಎಲ್ಲಿಂದ ಹೋಗ್ತಿದೆ ಅಂತ ಕಂಡುಹಿಡಿ.”

ಟೀಯಲ್ಲಿ ಏನಾದರೂ ಬೆರೆಸಿರಬಹುದೇ ಎಂದು ಮೂಸಿ ನೋಡಿ, ಬರೀ ಶುಂಠಿ ಎಂದು ಖಾತ್ರಿಯಾದ ಮೇಲೆ ಆಕೆ ಕುಡಿದಳು.

ಗುರುವಾರ ಮಧ್ಯಾಹ್ನ ವಾರದ ವರದಿ ತೆಗೆದಳು. ಒಳಗೆ ಬಂದದ್ದು ಎರಡು ಸಾವಿರದ ಮುನ್ನೂರ ಐವತ್ತು. ಕಳ್ಳ ಕೊಬ್ಬಿದ್ದಾನೆ ಎಂದುಕೊಂಡಳು. ಆಮೇಲೆ, ಬರಿದೇ ಒಂದು ಕುತೂಹಲಕ್ಕೆ, ಬುಧವಾರದ ನಾಲ್ಕನೇ ವಾರ್ಡನ್ನು ಮಾತ್ರ ಕೇಳಿದಳು. ಡೇಟಾಬೇಸ್ ಹೇಳಿತು: ನೂರ ಹನ್ನೆರಡು ಕಿಲೋ.

ಅಂಗೈಯಲ್ಲಿ ಮಸಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಐವತ್ತೆಂಟು.

ಮೊದಲ ಬಾಣ ತೂಕದಕ್ಕನ ಕಡೆಗೆ ಹೋಯಿತು. ಬಾಯಲ್ಲಿ ಒಂದು ಕೂಗಿ ಕೈಯಲ್ಲಿ ಇನ್ನೊಂದು ಬರೆಯುತ್ತಾಳೆ! ಗಂಟುಗಳ ಕೋಷ್ಟಕ ತೆರೆದು ನೋಡಿದಳು. ಮೂರು ಸಾಲು: ಹದಿನೆಂಟು, ಇಪ್ಪತ್ತೆರಡು, ಹದಿನೆಂಟು. ಅಚ್ಚುಕಟ್ಟು. ದಾರಗಳ ಕೋಷ್ಟಕ ತೆರೆದಳು. ಮೊದಲ ಗಂಟಿಗೆ ಮೂರು ದಾರ, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ ಎರಡು. ಅದೂ ಅಚ್ಚುಕಟ್ಟು. ಹಾಗಾದರೆ ಆರೋಪಿಗಳಲ್ಲಿ ಉಳಿದವರು ಯಾರು? ಕೋಣೆಯಲ್ಲಿ ಸುತ್ತ ನೋಡಿದಳು. ಗೋಡೆ ಗಡಿಯಾರ, ಕಪಾಟು, ಆಕೆ.

ಕೂಡಿಸುವ ಮೊದಲು ಸಾಲುಗಳನ್ನು ಹಾಗೇ ತೋರಿಸು ಎಂದು ಕೇಳಿದಳು. ತೆರೆಯ ಮೇಲೆ ಮೂರು ಸಾಲಲ್ಲ, ಆರು ಸಾಲು ಬಂದವು. ಮೂರು ದಾರದ ಗಂಟು ಮೂರು ಸಲ ನಿಂತಿತ್ತು, ಪ್ರತಿ ಸಲವೂ ಪಕ್ಕದಲ್ಲಿ ಹದಿನೆಂಟು ಕಿಲೋ. ಎರಡು ದಾರದ ಗಂಟು ಎರಡು ಸಲ. ಆಕೆ ಗಂಟಿಗೆ ದಾರವನ್ನು ಜೋಡಿಸು ಎಂದಿದ್ದಳು. ಅದು ಪ್ರತಿ ದಾರಕ್ಕೂ ಒಂದು ಪೂರ್ತಿ ಗಂಟನ್ನು ಜೋಡಿಸಿ ಕೊಟ್ಟಿತ್ತು. ಆಮೇಲೆ ಕೂಡಿಸು ಎಂದಿದ್ದಳು, ನಿಷ್ಠೆಯಿಂದ ಕೂಡಿಸಿತ್ತು. ಭಾವ ಕಳ್ಳನನ್ನು ಹಿಡಿಯಲು ಕಟ್ಟಿಸಿದ ಒಂದೊಂದು ಹೆಚ್ಚಿನ ದಾರವೂ ಹದಿನೆಂಟೋ ಇಪ್ಪತ್ತೋ ಕಿಲೋ ಕಳ್ಳಬಟ್ಟೆಯಾಗಿ ಅವರದೇ ತಲೆಯ ಮೇಲೆ ಬಿದ್ದಿತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಮುಸುರೆಯಲ್ಲಿ ಬಿದ್ದಿತ್ತು.

ಆಕೆಗೆ ತರಬೇತಿಯ ಒಂದು ಮಂತ್ರ ನೆನಪಿಗೆ ಬಂತು. ಡಿಸ್ಟಿಂಕ್ಟ್ ಎಂಬ ಪದ ಸೇರಿಸಿದರೆ ಒಂದೇ ಥರದ್ದನ್ನು ಒಂದೇ ಸಲ ಹಿಡಿಯುತ್ತದೆ. ತೂಕದ ಮುಂದೆ ಅದನ್ನು ತುರುಕಿ, ಇಡೀ ವಾರಕ್ಕೆ ಓಡಿಸಿದಳು. ಒಳಗೆ ಬಂದದ್ದು ಏಳುನೂರ ಮೂವತ್ತು. ಹೊರಗೆ ಹೋದದ್ದು ಸಾವಿರದ ನೂರೆಂಬತ್ತು. ಇಷ್ಟು ದಿನ ಭಾವ ಹಾಸು ನುಂಗುತ್ತಿದ್ದರು, ಈಗ ಹಾಸು ಹೆರುತ್ತಿದ್ದರು.

ಬೇರೆ ಯಾರಾದರೂ ಆಗಿದ್ದರೆ, ಬಟ್ಟೆ ಕಡಿಮೆಯಾಗಿಲ್ಲವಲ್ಲ, ಸದ್ಯ ಎಂದು ಅದನ್ನೇ ಮುದ್ರಿಸಿ ಓಡುತ್ತಿದ್ದರೇನೋ. ಹುಟ್ಟುಗುಣ ಇಲ್ಲಿ ಕೈ ಹಿಡಿಯಿತು. ನಾಲ್ಕನೇ ವಾರ್ಡನ್ನು ಮತ್ತೆ ಕೇಳಿದಳು. ನಲವತ್ತು. ಹದಿನೆಂಟು, ಇಪ್ಪತ್ತೆರಡು, ಇನ್ನೊಂದು ಹದಿನೆಂಟು ಎಲ್ಲಿ? ಎರಡು ಬೇರೆ ಬೇರೆ ಗಂಟು ಒಂದೇ ತೂಕ ತೂಗಿದ್ದರಿಂದ ಒಂದನ್ನು ಮಂತ್ರ ನುಂಗಿತ್ತು. ಅದು ಒಂದೇ ಸಲ ಹಿಡಿಯುತ್ತಿದ್ದದ್ದು ಗಂಟನ್ನಲ್ಲ, ಅಂಕಿಯನ್ನು. ಅವಳಿ ಮಕ್ಕಳ ಮುಖ ಒಂದೇ ಎಂದು ಒಬ್ಬನಿಗೆ ಮಾತ್ರ ಅನ್ನ ಹಾಕಿದ ಹಾಗೆ.

ಆಮೇಲೆ ಆಕೆ ಕೀಲಿಮಣೆಯಿಂದ ಕೈ ತೆಗೆದು, ಪೆನ್ಸಿಲು ಕಾಗದ ಹಿಡಿದು, ಲಾಂಡ್ರಿಯಲ್ಲಿ ನಿಜಕ್ಕೂ ಹೇಗೆ ಎಣಿಸುತ್ತಾರೆ ಎಂದು ಯೋಚಿಸಿದಳು. ಮೊದಲು ಒಂದು ಗಂಟಿನ ದಾರಗಳನ್ನೆಲ್ಲ ಕಿತ್ತು ಒಂದು ಕಡೆ ಎಣಿಸಬೇಕು: ಈ ಗಂಟಿಗೆ ಮೂರು. ಆಗ ಒಂದು ಗಂಟಿಗೆ ಒಂದೇ ಸಾಲು, ಪಕ್ಕದಲ್ಲಿ ದಾರದ ಲೆಕ್ಕ. ಆಮೇಲೆ ಜೋಡಿಸಬೇಕು. ಕೊನೆಗೆ ವಾರ್ಡಿನ ಪ್ರಕಾರ ಗುಂಪು. ಕ್ವೆರಿಯೊಳಗೆ ಇನ್ನೊಂದು ಸಣ್ಣ ಕ್ವೆರಿ ಇಟ್ಟು, ದಾರಗಳನ್ನು ಮೊದಲೇ ಗಂಟಿನ ನಂಬರಿನಡಿ ಗುಂಪು ಮಾಡಿದಳು. ನಾಲ್ಕನೇ ವಾರ್ಡು: ಐವತ್ತೆಂಟು ಕಿಲೋ, ಆರು ದಾರ. ಇಡೀ ವಾರ: ಸಾವಿರದ ಇನ್ನೂರ ಹದಿನಾಲ್ಕು. ಕಳ್ಳನ ಪಾಲು ಮೂವತ್ತನಾಲ್ಕು ಕಿಲೋ, ಅದೂ ಕೊಳೆ ಮತ್ತು ತೇವ.

ಗಂಡನಿಗೆ ಫೋನು ಮಾಡಿ ಎಲ್ಲ ಒದರಿದಳು. ಯಂತ್ರದ್ದೇನೋ ತೊಂದರೆ ಎಂದು ಹೇಳಿ ಹೊಸ ಹಾಳೆ ಕೊಟ್ಟುಬಿಡಬಹುದಲ್ಲ ಎಂದು ತಾನೇ ಒಂದು ದಾರಿಯನ್ನೂ ಸೂಚಿಸಿದಳು. ಆ ಕಡೆಯಿಂದ ಅರ ಉಜ್ಜುವ ಸದ್ದು ನಿಂತಿತು.

“ಯಾರೂ ನಂಬಲ್ಲ ಅಂತಲ್ಲ” ಎಂದ ಬೀಗದವನು. “ನಂಬ್ತಾರೆ. ಆದ್ರೆ ಮೇಸ್ತ್ರಿ ತಪ್ಪಿಸಿಕೊಂಡ ಅಂತ ಜೀವನಪೂರ್ತಿ ಅಂತಾರೆ.”

ಶುಕ್ರವಾರ ಹತ್ತು ಗಂಟೆಗೆ ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿ ಕುರ್ಚಿಯ ಅಂಚಿನಲ್ಲಿ ಕೂತಿದ್ದರು, ಪಕ್ಕದಲ್ಲಿ ತೂಕದಕ್ಕ. ಆಡಳಿತಾಧಿಕಾರಿ ಹೊಸ ವರದಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಹೋದ ವಾರ ಏಳುನೂರ ಅರವತ್ತು ಕಿಲೋ ಕಾಣೆ. ಈ ವಾರ ಮೂವತ್ತನಾಲ್ಕು. ಕಂಪ್ಯೂಟರ್ ತಪ್ಪು ಮಾಡಿತಾ?”

“ಕಂಪ್ಯೂಟರ್ ಅಲ್ಲ ಸರ್. ನಾನು. ಎರಡು ತಿಂಗಳಿಂದ ಒಂದೇ ಗಂಟನ್ನ ಎರಡು ಮೂರು ಸಲ ಲೆಕ್ಕ ಹಾಕಿದೀನಿ.”

ಭಾವ ಆಕೆಯ ಕಡೆ ತಿರುಗಿದರು. ಆಡಳಿತಾಧಿಕಾರಿ ಒಂದು ಪೆನ್ಸಿಲನ್ನು ಸಾಲಿನಿಂದ ಎತ್ತಿ ಸ್ವಲ್ಪ ಆಚೆ ಇಟ್ಟರು. ಅವರು ಆಕೆಯನ್ನು ನೋಡಿದ ನೋಟ ಆಕೆಗೆ ಚೆನ್ನಾಗಿ ಪರಿಚಯವಿತ್ತು, ಕನ್ನಡಿಯಲ್ಲಿ ದಿನಾ ಕಾಣುವುದು. ಶನಿವಾರ ಎಚ್ಚರಿಕೆ ಕೊಟ್ಟರೆ ಶುಕ್ರವಾರಕ್ಕೆ ಲೆಕ್ಕ ಸರಿಹೋಗಿದೆ. ಮಾಡಿದ್ದು ಯಾರು? ನಾದಿನಿ. ಇದನ್ನು ತಾವು ಹೇಗೆ ನಂಬಬೇಕು ಎಂದು ಅವರು ಬಹಳ ಮರ್ಯಾದೆಯಿಂದ ಕೇಳಿದರು. ಜೀವಮಾನವಿಡೀ ಬೇರೆಯವರ ಮೈಮೇಲೆ ಬಿಟ್ಟ ಅನುಮಾನದ ಇರುವೆ ಈಗ ಆಕೆಯ ಸ್ವಂತ ಕತ್ತಿನ ಮೇಲೆ ಹರಿದಾಡಿತು.

“ನಂಬಬೇಡಿ ಸರ್” ಎಂದಳು. “ಕೆಳಗೆ ಬನ್ನಿ. ನೀವೇ ಎಣಿಸಿ.”

ಹೀಗೆ ಇತಿಹಾಸದಲ್ಲಿ ಮೊದಲ ಬಾರಿಗೆ ಆಡಳಿತಾಧಿಕಾರಿಯ ಬೂಟು ಲಾಂಡ್ರಿಯ ಒದ್ದೆ ನೆಲವನ್ನು ಮುಟ್ಟಿತು. ಆಗಷ್ಟೇ ಬಂದಿದ್ದ ಮೂರು ಗಂಟುಗಳನ್ನು ಭೂತಗನ್ನಡಿ ಸಾಲಾಗಿ ಇಡಿಸಿದಳು. ತೂಕದಕ್ಕ ತೂಗಿ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದಳು: ಇಪ್ಪತ್ತು, ಹದಿನೈದು, ಇಪ್ಪತ್ತನಾಲ್ಕು.

“ಈಗ ಒಂದೊಂದು ದಾರ ಕೀಳಿ ಸರ್. ಕಿತ್ತ ದಾರ ಯಾವ ಗಂಟಿನದೋ ಆ ಗಂಟಿನ ತೂಕ ಕೂಗಿ. ನನ್ನ ಹಳೇ ಕ್ವೆರಿ ಮಾಡಿದ್ದು ಇಷ್ಟೇ.”

ಅವರು ಕನ್ನಡಕ ಸರಿಪಡಿಸಿ ಬಗ್ಗಿದರು. ಕೆಂಪು ದಾರ ಕಿತ್ತು, “ಇಪ್ಪತ್ತು.” ನೀಲಿ ಕಿತ್ತು, “ಇಪ್ಪತ್ತು.” ಹಳದಿಗೆ ಬರುವಾಗ ದನಿ ತಗ್ಗಿತು, “ಇಪ್ಪತ್ತು...” ಮುಂದಿನ ಗಂಟಿಗೆ, “ಹದಿನೈದು. ಹದಿನೈದು.” ಕೊನೆಯದಕ್ಕೆ, “ಇಪ್ಪತ್ತನಾಲ್ಕು.” ತೂಕದಕ್ಕ ಕೂಡಿಸುತ್ತಾ ಬಂದವಳು ತನ್ನ ರೈಲಿನ ದನಿಯಲ್ಲಿ ಸಾರಿದಳು: “ನೂರ ಹದಿನಾಲ್ಕು!”

“ಇರೋದು?” ಎಂದು ಕೇಳಿದರು ಆಡಳಿತಾಧಿಕಾರಿ.

“ಐವತ್ತೊಂಬತ್ತು” ಎಂದರು ಭಾವ. ಬೆಳಿಗ್ಗೆಯಿಂದ ಅವರು ಆಡಿದ ಮೊದಲ ಮಾತು ಅದು.

ಆಡಳಿತಾಧಿಕಾರಿ ಕೈಯಲ್ಲಿದ್ದ ಆರು ದಾರಗಳನ್ನು ಬಹಳ ಹೊತ್ತು ನೋಡಿದರು, ಅಭ್ಯಾಸಬಲದಿಂದ ಉದ್ದದ ಪ್ರಕಾರ ಜೋಡಿಸಿದರು. ಮೇಸ್ತ್ರಿಯ ಮೇಲಿನ ಮಾತು ಅಲ್ಲಿಗೆ ಮುಗಿಯಿತು ಎಂದರು, ಎರಡು ತಿಂಗಳ ವರದಿಗಳನ್ನೆಲ್ಲ ಹೊಸದಾಗಿ ತೆಗೆಯಬೇಕು ಎಂದರು. ಹೊರಡುವ ಮುನ್ನ ತಿರುಗಿ ನಿಂತು ಇನ್ನೊಂದು ಆಜ್ಞೆ ಹೊರಡಿಸಿದರು: ಇನ್ನು ಮೇಲೆ ಲಾಂಡ್ರಿಯ ವರದಿ ಮೇಸ್ತ್ರಿಯ ರುಜು ಇಲ್ಲದೆ ಮೇಲೆ ಬರಕೂಡದು. ಅವರು ಒಂದು ವಾರ್ಡನ್ನು ಕೈಯಾರೆ ತಾಳೆ ನೋಡಿದ ಮೇಲೆಯೇ ರುಜು.

ಎಲ್ಲರೂ ಹೋದ ಮೇಲೆ ಭೂತಗನ್ನಡಿ ಭಾವನ ಮುಂದೆ ನಿಂತಳು. ಸುತ್ತಿ ಬಳಸಿ ಹೇಳುವುದು ಆಕೆಗೆ ಬರುತ್ತಿರಲಿಲ್ಲ.

“ನೀವೇ ತಗೊಂಡಿದೀರಿ ಅಂತ ಅಂದ್ಕೊಂಡಿದ್ದೆ ಭಾವ.”

“ಗೊತ್ತು” ಎಂದರು ಭಾವ. ಕಿತ್ತ ದಾರಗಳನ್ನು ಡಬ್ಬಿಗೆ ಹಾಕುತ್ತಾ, “ನಿಮ್ಮಕ್ಕನಿಗೆ ನೀನೇ ಹೇಳು. ನಾನು ಹೇಳಿದ್ರೆ ನಿನ್ನ ಪರವಾಗಿ ಮಾತಾಡ್ತೀನಿ ಅಂತ ನನಗೇ ಬೈತಾಳೆ” ಎಂದರು.

ಆಕೆ ಹೇಳಿದಳು. ಅಕ್ಕ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಬೈದು ಮುಗಿಸಿ, ಹನ್ನೊಂದು ದಿನ ಮಾತು ಬಿಟ್ಟಳು. ಹನ್ನೆರಡನೇ ದಿನ ಫೋನು ಮಾಡಿ, ಇನ್ನೂ ಬೈಯುವುದು ಬಾಕಿಯಿತ್ತೆಂದು ಬೈದಳು. ಆಮೇಲೆ ಎಲ್ಲ ಮೊದಲಿನಂತಾಯಿತು.

ಈಗ ಪ್ರತಿ ಸೋಮವಾರ ಹನ್ನೊಂದು ಗಂಟೆಗೆ ಭಾವ ರೆಕಾರ್ಡ್ ರೂಮಿಗೆ ಬರುತ್ತಾರೆ. ಕೈ ಒರೆಸಿಕೊಂಡು, ಕಿವಿಯ ಮೇಲಿನ ಪೆನ್ಸಿಲು ತೆಗೆದು, ವರದಿಯ ಮೇಲೆ ಬಗ್ಗುತ್ತಾರೆ. ಮಡಚುವುದರಲ್ಲಿ ಎಷ್ಟು ನಿಧಾನವೋ ಓದುವುದರಲ್ಲೂ ಅಷ್ಟೇ ನಿಧಾನ. ಅಂಕಿಯಿಂದ ಅಂಕಿಗೆ ಪೆನ್ಸಿಲಿನ ತುದಿ ತೆವಳುತ್ತದೆ. ಭೂತಗನ್ನಡಿ ಎದುರು ಕೂತು ಉಗುರು ಕಚ್ಚುತ್ತಾಳೆ. ಮೊದಲ ಸೋಮವಾರ ಆ ಪೆನ್ಸಿಲು ಆರನೇ ವಾರ್ಡಿನ ಸಾಲಿನ ಮೇಲೆ ನಿಂತುಬಿಟ್ಟಿತು. ಭಾವ ತಲೆಯೆತ್ತಿ ಆಕೆಯನ್ನು ನೋಡಿದರು. ಅವರ ಹುಬ್ಬು ಒಂದು ಕಡೆ ಮೇಲೇರಿತ್ತು.

“ಇದು ಯಾಕಮ್ಮ ಇಷ್ಟು?”

ಸರಿಯಾಗಿಯೇ ಇದೆ ಎಂದು ಹೇಳಲು ಬಾಯಿ ತೆರೆದಳು. ಮುಚ್ಚಿದಳು. ಪಕ್ಕದ ಕುರ್ಚಿಯನ್ನು ತೆರೆಯ ಮುಂದಕ್ಕೆ ಎಳೆದುಕೊಟ್ಟು, ಆರನೇ ವಾರ್ಡಿನ ಗಂಟುಗಳನ್ನು ಒಂದೊಂದಾಗಿ ತೆರೆಯತೊಡಗಿದಳು.